ಹೆಪಟೈಟಿಸ್ ಸಿ ತಳಿಗಳು ಹರಡಿದ ದಾರಿಯನ್ನು ವಂಶವಾಹಿಗಳಿಂದ ತಿಳಿಯಬಹುದೇ?

ಪ್ರಶ್ನೆ (ಚಿಂತಾಮಣಿಯಿಂದ)

ನಾನು ಪದವಿ ಕಾಲೇಜಿನಲ್ಲಿ ಜೀವಶಾಸ್ತ್ರ ಬೋಧಿಸುತ್ತೇನೆ. ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವ ನಮ್ಮ ಸೋದರಮಾವನವರಿಗೆ ಹೆಪಟೈಟಿಸ್ ಸಿ ಇರುವುದು ಇತ್ತೀಚೆಗೆ ತಿಳಿಯಿತು. ಸೋಂಕು ಡಯಾಲಿಸಿಸ್‌ನಿಂದ ಬಂತೋ, ಬಹಳ ಹಿಂದೆ ಶಸ್ತ್ರಚಿಕಿತ್ಸೆಯ ವೇಳೆ ಏರಿಸಿದ ರಕ್ತದಿಂದ ಬಂತೋ ಎಂದು ಮನೆಯವರೆಲ್ಲ ಕೇಳುತ್ತಿದ್ದಾರೆ. ಈಜಿಪ್ಟಿನಲ್ಲಿ ಈ ವೈರಾಣು ಯಾವ ದಶಕಗಳಲ್ಲಿ ಹರಡಿತು ಎಂಬುದನ್ನು ವಂಶವಾಹಿ ಅಧ್ಯಯನದಿಂದ ಗುರುತಿಸಿದ್ದಾರೆಂದು ಓದಿದ್ದೇನೆ. ವೈರಾಣು ಪತ್ತೆಯಾದದ್ದೇ 1989ರಲ್ಲಿ ಎಂದಮೇಲೆ ಅದಕ್ಕೂ ಹಿಂದಿನದನ್ನು ಹೇಗೆ ಲೆಕ್ಕ ಹಾಕುತ್ತಾರೆ? ಅದೇ ವಿಧಾನ ಒಬ್ಬ ರೋಗಿಯ ವಿಷಯದಲ್ಲಿಯೂ ಉತ್ತರ ಕೊಡಬಲ್ಲದೇ?

ಉತ್ತರ 1 (ತುಮಕೂರಿನಿಂದ)

ಮೊದಲ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಈ ವೈರಾಣುವಿನ ವಂಶವಾಹಿ ವಸ್ತುವಾದ ಆರ್‌ಎನ್‌ಎ ಸುಮಾರು 9,600 ಅಕ್ಷರಗಳಷ್ಟು (ಅಂದರೆ ರಾಸಾಯನಿಕ ಘಟಕಗಳಷ್ಟು) ಉದ್ದವಿದ್ದು, ಅದನ್ನು ನಕಲು ಮಾಡುವ ಕಿಣ್ವಕ್ಕೆ ತಪ್ಪನ್ನು ತಿದ್ದಿಕೊಳ್ಳುವ ಶಕ್ತಿಯಿಲ್ಲ. ಓಲೆಗರಿಯ ಒಂದು ಪ್ರತಿಯಲ್ಲಿ ಬಿಟ್ಟುಹೋದ ಸಾಲು ಅದನ್ನು ನೋಡಿ ಬರೆದ ಎಲ್ಲ ಪ್ರತಿಗಳಲ್ಲಿಯೂ ಬಿಟ್ಟುಹೋಗುವಂತೆ, ಇಲ್ಲಿಯೂ ಹಳೆಯ ತಪ್ಪುಗಳು ಮುಂದಿನ ಪೀಳಿಗೆಗಳಿಗೆ ಸಾಗುತ್ತವೆ. ವೈರಾಣುವಿನ ಒಂದೊಂದು ಭಾಗದಲ್ಲಿ ವೇಗ ಒಂದೊಂದು ರೀತಿ ಇದ್ದರೂ, ಸ್ಥೂಲವಾಗಿ ವರ್ಷಕ್ಕೆ ಸಾವಿರ ಅಕ್ಷರಗಳಲ್ಲಿ ಒಂದು ಬದಲಾವಣೆ ನೆಲೆಗೊಳ್ಳುತ್ತದೆ. ಆದ್ದರಿಂದ ಇಂದಿನ ಮಾದರಿಗಳ ನಡುವಿನ ಅಂತರವನ್ನು ಅಳೆದು, ಅವುಗಳ ಸಾಮಾನ್ಯ ಪೂರ್ವಜ ಯಾವ ಕಾಲದ್ದೆಂದು ಅಂದಾಜಿಸಬಹುದು. ವಂಶವೃಕ್ಷದ ಕವಲುಗಳು ಯಾವ ಅವಧಿಯಲ್ಲಿ ಒತ್ತೊತ್ತಾಗಿ ಒಡೆದಿವೆಯೋ ಆ ಅವಧಿಯಲ್ಲಿ ಸೋಂಕಿತರ ಸಂಖ್ಯೆ ವೇಗವಾಗಿ ಏರಿರುವ ಸಾಧ್ಯತೆ ಹೆಚ್ಚು.

ಈಜಿಪ್ಟಿನ 4ಎ ಉಪತಳಿಯಲ್ಲಿ (ತಳಿಗೆ ಸಂಖ್ಯೆ, ಅದರೊಳಗಿನ ಉಪತಳಿಗೆ ಅಕ್ಷರ) ಅಂತಹ ಏರಿಕೆ ಕಂಡದ್ದು 20ನೆಯ ಶತಮಾನದ ಮಧ್ಯಭಾಗದಲ್ಲಿ. ಶಿಸ್ಟೊಸೋಮಿಯಾಸಿಸ್ ಎಂಬ ಹುಳುರೋಗಕ್ಕೆ ಟಾರ್ಟಾರ್ ಎಮೆಟಿಕ್ ಚುಚ್ಚುಮದ್ದನ್ನು, ಸರಿಯಾಗಿ ಶುದ್ಧಗೊಳಿಸದ ಸೂಜಿಗಳಿಂದ ಲಕ್ಷಾಂತರ ಜನರಿಗೆ ಅಲ್ಲಿ ಕೊಡಲಾಗಿತ್ತು. ಗಮನಿಸಿ: ವಂಶವೃಕ್ಷ ಕೊಟ್ಟದ್ದು ಕಾಲವನ್ನು ಮಾತ್ರ. ಕಾರಣ ತಿಳಿದದ್ದು ಆ ಚಿಕಿತ್ಸಾ ಅಭಿಯಾನದ ಇತಿಹಾಸದಿಂದ ಮತ್ತು ಯಾವ ವಯಸ್ಸಿನವರಲ್ಲಿ, ಯಾವ ಪ್ರದೇಶದಲ್ಲಿ ಸೋಂಕು ಹೆಚ್ಚಿತ್ತು ಎಂಬ ಹೋಲಿಕೆಯಿಂದ.

ಉತ್ತರ 2 (ಕೋಲಾರದಿಂದ, ವೈದ್ಯ)

ನಿಮ್ಮ ಮಾವನವರ ವಿಷಯಕ್ಕೆ ಬರುತ್ತೇನೆ. ಭಾರತದಲ್ಲಿ 3ನೆಯ ತಳಿ ಹೆಚ್ಚು. ದಕ್ಷಿಣದಲ್ಲಿ 1ನೆಯದೂ ಗಣನೀಯವಾಗಿದೆ. ಹೀಗಿರುವಾಗ "ಇವರದು 3ನೆಯ ತಳಿ" ಎಂಬ ವರದಿಯೊಂದರಿಂದಲೇ ಮೂಲ ತಿಳಿಯುವುದಿಲ್ಲ. ಒಂದು ಕೇಂದ್ರದೊಳಗಿನ ಹರಡುವಿಕೆಯನ್ನು ಪರಿಶೀಲಿಸಲು ವೈರಾಣುವಿನ ಹೊರಕವಚದ, ಬೇಗ ಬದಲಾಗುವ ಭಾಗವನ್ನು ಓದಿ, ಅಲ್ಲಿನ ಇತರ ಸೋಂಕಿತರ ಮಾದರಿಗಳೊಂದಿಗೂ, ಆ ಕೇಂದ್ರಕ್ಕೆ ಸಂಬಂಧವಿಲ್ಲದ ಸ್ಥಳೀಯರ ಮಾದರಿಗಳೊಂದಿಗೂ ಹೋಲಿಸಬೇಕು. ಸ್ಥಳೀಯ ಹೋಲಿಕೆಯನ್ನು ಬಿಟ್ಟರೆ, ಜಿಲ್ಲೆಯಲ್ಲಿ ಎಲ್ಲೆಡೆ ಇರುವ ವೈರಾಣುವನ್ನೇ ಆ ಕೇಂದ್ರದ್ದೆಂದು ತಪ್ಪಾಗಿ ತಿಳಿಯುವ ಅಪಾಯವಿದೆ.

ಸ್ಪೇನಿನ ವೇಲೆನ್ಸಿಯಾದಲ್ಲಿ ಒಬ್ಬ ಅರಿವಳಿಕೆ ವೈದ್ಯರಿಂದ 275 ಮಂದಿಗೆ ಸೋಂಕು ತಗುಲಿತೆಂದು ನ್ಯಾಯಾಲಯ 2007ರಲ್ಲಿ ತೀರ್ಮಾನಿಸಿದಾಗ ಇಂತಹ ವಿಶ್ಲೇಷಣೆ ಮುಖ್ಯ ಸಾಕ್ಷ್ಯವಾಗಿತ್ತು. ಅದೇ ವಿಶ್ಲೇಷಣೆ ಕೆಲವು ರೋಗಿಗಳನ್ನು ಆ ಗುಂಪಿನಿಂದ ಹೊರಗಿಟ್ಟದ್ದೂ ಉಂಟು. ಆದರೆ ಇಬ್ಬರ ವೈರಾಣುಗಳು ಹತ್ತಿರವಿದ್ದ ಮಾತ್ರಕ್ಕೆ ಯಾರಿಂದ ಯಾರಿಗೆ ಬಂತೆಂದು ಹೇಳಲಾಗದು, ಏಕೆಂದರೆ ಪರೀಕ್ಷೆಗೊಳಗಾಗದ ಮೂರನೆಯವರು ನಡುವೆ ಇದ್ದಿರಬಹುದು.

ಡಯಾಲಿಸಿಸ್ ಆರಂಭದಲ್ಲಿಯೂ ಆಮೇಲೆ ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆಯೂ ಹೆಪಟೈಟಿಸ್ ಸಿ ಇದೆಯೇ ಎಂಬ ಪರೀಕ್ಷೆ ನಡೆಯಬೇಕು. ಮೊದಲು ಆ ಹಳೆಯ ವರದಿಗಳನ್ನು ಕೇಳಿ ಪಡೆಯಿರಿ. ಆರಂಭದಲ್ಲಿ ನೆಗೆಟಿವ್ ಇದ್ದು ಆಮೇಲೆ ಪಾಸಿಟಿವ್ ಆಗಿದ್ದರೆ, ಹಳೆಯ ರಕ್ತದ ಮೇಲಿನ ಅನುಮಾನ ಬಹುಮಟ್ಟಿಗೆ ಹೋಗುತ್ತದೆ ಮತ್ತು ಅಲ್ಲಿನ ಉಳಿದವರನ್ನೂ ತಡಮಾಡದೆ ಪರೀಕ್ಷಿಸಬೇಕಾಗುತ್ತದೆ.

ಪ್ರಶ್ನೆ ಕೇಳಿದವರು

ವರದಿಗಳನ್ನು ಕೇಳುತ್ತೇವೆ, ವಂದನೆಗಳು ಸರ್. ವಂಶವಾಹಿ ಪರೀಕ್ಷೆ ಆಗುವವರೆಗೆ ಚಿಕಿತ್ಸೆಗೆ ಕಾಯಬೇಕೇ?

ಉತ್ತರ 2ರವರು

ಖಂಡಿತ ಕಾಯಬೇಡಿ. ಔಷಧ ಆರಂಭಿಸುವ ಮುನ್ನ ತೆಗೆದ ರಕ್ತದಲ್ಲಿ ಒಂದಿಷ್ಟನ್ನು ಶೈತ್ಯದಲ್ಲಿ ಕಾಪಿಡಲು ಸಾಧ್ಯವೇ ಎಂದು ಮಾತ್ರ ವಿಚಾರಿಸಿ. ಗುಣವಾದ ಮೇಲೆ ಪ್ರತಿಕಾಯ (ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನ್) ಉಳಿಯುತ್ತದೆಯೇ ಹೊರತು ಓದಲು ಆರ್‌ಎನ್‌ಎ ಸಿಗುವುದಿಲ್ಲ. ಸೊಫೊಸ್‌ಬುವಿರ್ ಆಧಾರಿತ ಮಾತ್ರೆಗಳಿಂದ, ಸಾಮಾನ್ಯವಾಗಿ 12 ವಾರಗಳಲ್ಲಿ, ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿ ಗುಣವಾಗುತ್ತಾರೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆಯೂ ಔಷಧಿಯೂ ಉಚಿತ.

ಉತ್ತರ 1ರವರು

ಒಂದು ಮಾತು ಸೇರಿಸಬೇಕು. ಎಲ್ಲ ಮುಖ್ಯ ತಳಿಗಳ ಮೇಲೂ ಕೆಲಸ ಮಾಡುವ ಮಾತ್ರೆಗಳು ಬಂದ ಮೇಲೆ ತಳಿಯನ್ನು ಗುರುತಿಸುವ ಅಗತ್ಯ ಚಿಕಿತ್ಸೆಯಲ್ಲಿ ಕಡಿಮೆಯಾಗಿದೆ. ರೋಗಿಗೆ ಇದು ದೊಡ್ಡ ಅನುಕೂಲ. ಆದರೆ ದೇಶದ ಚಿತ್ರಣಕ್ಕೆ ಬೇಕಾದ ಮಾಹಿತಿ ಇದರಿಂದ ಕಡಿಮೆಯಾಗುತ್ತದೆ. 2018ರಲ್ಲಿ ವರದಿಯಾದ 8ನೆಯ ತಳಿ ಕಂಡದ್ದು ಕೆನಡಾದಲ್ಲಿದ್ದ, ಪಂಜಾಬ್ ಮೂಲದ ಕೆಲವರಲ್ಲಿ. ಮಾದರಿಗಳೆಲ್ಲ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಿಂದಲೇ ಬಂದರೆ, ವಂಶವೃಕ್ಷದಲ್ಲಿ ಎಲ್ಲ ಕವಲುಗಳ ಬುಡವೂ ಬೆಂಗಳೂರೇ ಎಂಬಂತೆ ಕಾಣುತ್ತದೆ. ಪಾವಗಡ, ಮುಳಬಾಗಿಲು, ಬಾಗೇಪಲ್ಲಿಗಳಂತಹ ಗಡಿ ತಾಲ್ಲೂಕುಗಳ ಮಾದರಿಗಳನ್ನೂ, ರೋಗಿಯ ಹೆಸರಿಲ್ಲದೆ, ತಾಲ್ಲೂಕು ಮತ್ತು ಸಂಗ್ರಹಿಸಿದ ವರ್ಷದೊಂದಿಗೆ ಕಾಪಿಟ್ಟು ಓದಿದರೆ ಮಾತ್ರ, ಆಂಧ್ರದ ಕಡೆಯಿಂದ ಬಂದ ಕವಲು ಯಾವುದು, ಇಲ್ಲಿಯೇ ಬೆಳೆದದ್ದು ಯಾವುದು ಎಂದು ಕೇಳಲು ಸಾಧ್ಯವಾಗುತ್ತದೆ.