ವಸ್ತುಸಂಗ್ರಹಾಲಯದಲ್ಲಿ ಮಕ್ಕಳ ಕೈಗೆ ಮೊಬೈಲ್ ಆಟ ಕೊಡಬಹುದೇ?

ಪ್ರಶ್ನೆ: ಆರನೆಯ ತರಗತಿಯ ಮಕ್ಕಳನ್ನು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯಬೇಕೆಂದಿದ್ದೇನೆ. ಹಿಂದೊಮ್ಮೆ ಹೋದಾಗ ಅವರು ಶಾಸನಗಳ ಮುಂದೆ ಅರೆಗಳಿಗೆಯೂ ನಿಲ್ಲಲಿಲ್ಲ. ಮೊಬೈಲಿನಲ್ಲಿ ಹುಡುಕಾಟದ ಆಟವೊಂದನ್ನು ಸಿದ್ಧಪಡಿಸಿದರೆ ಕಲಿಕೆಗೆ ನೆರವಾದೀತೇ, ಅಥವಾ ಕಣ್ಣು ಪರದೆಗೇ ಅಂಟಿಕೊಂಡೀತೇ?

ಉತ್ತರ 1: ಉತ್ತರವು ಪರದೆಯಲ್ಲಿ ಸಿಗದೆ ಕಲ್ಲಿನಲ್ಲಿಯೇ ಸಿಗುವಂತಿದ್ದರೆ ಖಂಡಿತ ನೆರವಾಗುತ್ತದೆ. ಅಲ್ಲಿಯ ಆತಕೂರು ಶಾಸನವನ್ನೇ ನೋಡಿ: ಕ್ರಿ.ಶ. 949ರ ಸುಮಾರಿನ ಈ ಕಲ್ಲಿನ ಬರಹದಲ್ಲಿ ರಾಷ್ಟ್ರಕೂಟರು ಚೋಳರನ್ನು ಗೆದ್ದ ಸುದ್ದಿಯ ಜೊತೆಗೆ, ಕಾಡುಹಂದಿಯೊಡನೆ ಕಾದಾಡಿ ಅದರೊಂದಿಗೆ ತಾನೂ ಸತ್ತ ಕಾಳಿ ಎಂಬ ಬೇಟೆನಾಯಿಯ ಕಥೆಯೂ ಇದೆ. ‘ಕಲ್ಲಿನ ಮೇಲೆ ಸೆಣಸುತ್ತಿರುವ ಪ್ರಾಣಿಗಳು ಯಾವುವು?’ ಎಂದಷ್ಟೇ ಕೇಳಿ. ನಾಯಿಯ ಹೆಸರನ್ನು ಆಮೇಲೆ ತಿಳಿಸಿ.

ಉತ್ತರ 2: ಬೇಗ ಮುಗಿಸಿದವರಿಗೆ ಹೆಚ್ಚು ಅಂಕವೆಂಬ ನಿಯಮ ಮಾತ್ರ ಬೇಡ. ನಾನು ಹಾಗೆ ಮಾಡಿ ಕೆಟ್ಟೆ. ಒಬ್ಬರದನ್ನೊಬ್ಬರು ನಕಲು ಮಾಡಿ ಬಾಗಿಲಿಗೆ ಓಡಿದರು. ನಾಲ್ವರಿಗೆ ಒಂದೇ ಫೋನ್ ಇರಲಿ, ಒಬ್ಬರು ಪ್ರಶ್ನೆಯನ್ನು ಓದಿದರೆ ಉಳಿದವರು ಹುಡುಕಲಿ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಕಾಳಿಯಿಂದಲೇ ಆರಂಭಿಸುತ್ತೇನೆ, ಫೋಟೊ ತೆಗೆಯಲು ಅನುಮತಿಯಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳುತ್ತೇನೆ.