ವಾರ್ಡಿನ ಉದ್ಯಾನವನದ ವಿಚಾರಕ್ಕೆ ಜನರನ್ನು ಸೇರಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ಸಂಘದ ಕಾರ್ಯದರ್ಶಿ, ಮಂಗಳೂರು

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಒಂದು ವಾರ್ಡಿನಲ್ಲಿ ಮುಕ್ಕಾಲು ಎಕರೆಯಷ್ಟಿರುವ ಉದ್ಯಾನವನದ ದಿನನಿತ್ಯದ ಉಸ್ತುವಾರಿಯನ್ನು ನಮ್ಮ ನಿವಾಸಿಗಳ ಸಂಘ ವಹಿಸಿಕೊಂಡು ಎರಡು ವರ್ಷವಾಯಿತು. ಹುಲ್ಲು ಕತ್ತರಿಸುವುದು, ಗೇಟು ತೆರೆದು ಮುಚ್ಚುವುದು, ಬೇಸಗೆಯಲ್ಲಿ ಗಿಡಗಳಿಗೆ ನೀರು ಹಾಯಿಸುವುದು, ಇವೆಲ್ಲ ಹೇಗೋ ನಡೆಯುತ್ತಿವೆ. ನಡೆಯದಿರುವುದು ಜನರನ್ನು ಒಟ್ಟಿಗೆ ತರುವ ಕೆಲಸ. ವಾಟ್ಸ್‌ಆ್ಯಪ್ ಗುಂಪಿನಲ್ಲಿ 180 ಮಂದಿ ಇದ್ದಾರೆ. ಶ್ರಮದಾನಕ್ಕೆ ಕರೆ ಕೊಟ್ಟರೆ ಹೆಬ್ಬೆರಳಿನ ಚಿತ್ರಗಳು ಧಾರಾಳವಾಗಿ ಬರುತ್ತವೆ. ಭಾನುವಾರ ಬೆಳಿಗ್ಗೆ ಕತ್ತಿ, ಹಾರೆ ಹಿಡಿದು ಬರುವವರು ಏಳು ಜನ, ಅವರಲ್ಲಿ ಐವರು ಸಮಿತಿಯವರೇ.

ಇದರ ಮೇಲೆ ಒಂದು ಜಗಳವೂ ಇದೆ. ವಾಯುವಿಹಾರಕ್ಕೆ ಬರುವ ಹಿರಿಯರು ಕೇಳಿಕೊಂಡರೆಂದು ಕಳೆದ ವರ್ಷ ನಾವು ‘ಚೆಂಡಾಟ ನಿಷೇಧಿಸಲಾಗಿದೆ’ ಎಂಬ ಫಲಕ ಹಾಕಿದೆವು. ಮೂರನೆಯ ದಿನ ಅದು ಚರಂಡಿಯಲ್ಲಿತ್ತು. ಫಲಕ ಬರೆಸುವ ಮುನ್ನ ಆಡುವ ಹುಡುಗರಲ್ಲಿ ಒಬ್ಬನನ್ನೂ ಮಾತನಾಡಿಸಿರಲಿಲ್ಲ ಎಂಬುದು ನಮ್ಮದೇ ತಪ್ಪು, ಒಪ್ಪಿಕೊಳ್ಳುತ್ತೇನೆ.

ಈಗ ದಾನಿಯೊಬ್ಬರು ಹಣ ಕೊಡಲು ಮುಂದೆ ಬಂದಿದ್ದಾರೆ. ನಡುವೆ ಕಾರಂಜಿ, ಸುತ್ತಲೂ ಇಂಟರ್‌ಲಾಕ್ ಹಾಸು ಎಂಬ ನಕ್ಷೆಯೂ ಅವರ ಕೈಯಲ್ಲಿದೆ. ಒಪ್ಪುವ ಮೊದಲು ಊರಿನವರ ಅಭಿಪ್ರಾಯ ಪಡೆಯಬೇಕೆಂಬುದು ನನ್ನ ಹಟ. ಆದರೆ ಸಭೆ ಕರೆದರೆ ಯಾವಾಗಲೂ ಬರುವ ಹನ್ನೆರಡು ಮುಖಗಳೇ ಬರುತ್ತವೆ. ಬೇರೆ ದಾರಿ ಇದೆಯೇ?

ಉತ್ತರ 1: ರೆಂಜೆಮರ

ಸಭೆಯನ್ನು ಸದ್ಯಕ್ಕೆ ಬಿಡಿ. ಮೊದಲು ಒಂದು ವಾರ ಎಣಿಸಿ. ಬೆಳಿಗ್ಗೆ ಆರೂವರೆ, ಮಧ್ಯಾಹ್ನ ಒಂದು, ಸಂಜೆ ಐದೂವರೆ ಮತ್ತು ಏಳು, ಹೀಗೆ ದಿನಕ್ಕೆ ನಾಲ್ಕು ಹೊತ್ತು ಒಬ್ಬರು ನೋಟ್ ಪುಸ್ತಕ ಹಿಡಿದು ಒಂದು ಸುತ್ತು ಬಂದು, ಯಾರು ಇದ್ದಾರೆ, ಗಂಡಸರೆಷ್ಟು, ಹೆಂಗಸರೆಷ್ಟು, ಅಂದಾಜು ವಯಸ್ಸೆಷ್ಟು, ಎಲ್ಲಿ ಕುಳಿತಿದ್ದಾರೆ, ಏನು ಮಾಡುತ್ತಿದ್ದಾರೆ ಎಂಬುದನ್ನು ಮಾತ್ರ ಬರೆದುಕೊಳ್ಳಲಿ. ಹೆಸರು ಕೇಳುವುದು ಬೇಡ, ಫೋಟೊ ತೆಗೆಯುವುದಂತೂ ಬೇಡವೇ ಬೇಡ. ಸಭೆಗೆ ಬರುವವರು ತಮಗೆ ಏನು ಬೇಕೆಂದು ಹೇಳುತ್ತಾರೆ. ಬಾರದವರ ವಿಷಯ ಈ ಪುಸ್ತಕದಲ್ಲಿ ಮಾತ್ರ ಸಿಗುತ್ತದೆ.

ವಿಯೆನ್ನಾ ನಗರದವರು 1990ರ ದಶಕದಲ್ಲಿ ಇದನ್ನೇ ಮಾಡಿದರು. ಒಂಬತ್ತು ವರ್ಷ ದಾಟುತ್ತಿದ್ದಂತೆ ಹೆಣ್ಣುಮಕ್ಕಳು ಉದ್ಯಾನಗಳಿಂದ ಮರೆಯಾಗುತ್ತಾರೆ, ಗಂಡುಮಕ್ಕಳು ಉಳಿಯುತ್ತಾರೆ ಎಂಬುದು ಅಲ್ಲಿ ಬೆಳಕಿಗೆ ಬಂತು. ಇರುವ ಒಂದೇ ಬಯಲನ್ನು ಹುಡುಗರು ಹಿಡಿದುಕೊಂಡರೆ ಹುಡುಗಿಯರು ಅವರೊಡನೆ ಜಗಳಕ್ಕೆ ನಿಲ್ಲದೆ ಮನೆಗೆ ಹೋಗುತ್ತಿದ್ದರು. 1999ರ ಸುಮಾರಿಗೆ ಎರಡು ಉದ್ಯಾನಗಳಲ್ಲಿ ಬಯಲನ್ನು ಸಣ್ಣ ಸಣ್ಣ ಭಾಗಗಳಾಗಿ ಒಡೆದು, ಬ್ಯಾಡ್ಮಿಂಟನ್ ಹಾಗೂ ವಾಲಿಬಾಲಿಗೆ ಜಾಗ ಮಾಡಿ, ಕಾಲುದಾರಿಗಳಿಗೆ ಬೆಳಕು ಹಾಕಿದ ಮೇಲೆ ಹುಡುಗಿಯರು ಮರಳಿದರು. ನಿಮ್ಮ ಚೆಂಡಾಟದ ಜಗಳದಲ್ಲಿ ಹಿರಿಯರಿದ್ದಾರೆ, ಹುಡುಗರಿದ್ದಾರೆ. ಹುಡುಗಿಯರ ಮಾತೇ ಬಂದಿಲ್ಲ. ಅವರು ಬರುತ್ತಾರೆಯೇ ಎಂದು ನೋಡಿ.

ಎಣಿಸುವಾಗ ನೆಲವನ್ನೂ ನೋಡಿ. ನಮ್ಮ ಬೀದಿಯ ಪಾರ್ಕಿನಲ್ಲಿ ಒಂದು ಕಬ್ಬಿಣದ ಬೆಂಚು ಇತ್ತು. ಅದನ್ನು ಇಟ್ಟದ್ದು ಹಿಂದಿನ ಗೋಡೆಯ ಬದಿಯಲ್ಲಿ. ಸಂಜೆ ಬರುವ ಹೆಂಗಸರು ಅದನ್ನು ದಿನವೂ ಗೇಟಿನ ದೀಪದ ಕೆಳಗೆ ಎಳೆದುಕೊಂಡು ಬರುತ್ತಿದ್ದರು, ಬೆಳಿಗ್ಗೆ ಮಾಲಿ ತಿರುಗಿ ಹಿಂದಕ್ಕೆ ತಳ್ಳುತ್ತಿದ್ದರು. ಕೆಂಪು ಮಣ್ಣಿನಲ್ಲಿ ನಾಲ್ಕು ಕಾಲುಗಳ ಗೀರು ಆರು ತಿಂಗಳು ಎಲ್ಲರ ಕಣ್ಣೆದುರೇ ಇತ್ತು. ಆ ಹೆಂಗಸರಲ್ಲಿ ಯಾರೂ ಅರ್ಜಿ ಕೊಟ್ಟಿರಲಿಲ್ಲ.

ಎಣಿಕೆ ಮುಗಿದ ಮೇಲೆ ಅಭಿಪ್ರಾಯ ಕೇಳುವುದಾದರೆ ಪಾರ್ಕಿನೊಳಗೇ ಕೇಳಿ. ಗೇಟಿನ ಬಳಿ ನಾಲ್ಕು ಮಣ್ಣಿನ ಕುಡಿಕೆ ಇಟ್ಟು, ಒಂದೊಂದರ ಮೇಲೂ ಒಂದೊಂದು ಚಿತ್ರ ಅಂಟಿಸಿ (ದೀಪ, ನೀರಿನ ನಳ್ಳಿ, ಆಟದ ಜಾಗ, ನೆರಳಿನ ಮರ), ಬಂದವರ ಕೈಗೆ ಚೆನ್ನೆಮಣೆ ಆಟದ ಮಂಜೊಟ್ಟಿ ಕಾಯಿ (ಕೆಂಪು ಬೀಜ) ಎರಡೆರಡು ಕೊಡಿ, ತಮಗೆ ಬೇಕಾದುದರ ಕುಡಿಕೆಗೆ ಅವರು ಹಾಕಲಿ. ಕನ್ನಡ ಓದಲು ಬಾರದ ಕಟ್ಟಡ ಕಾರ್ಮಿಕರಿಗೂ, ತುಳು, ಬ್ಯಾರಿ, ಕೊಂಕಣಿ ಮಾತ್ರ ಆಡುವ ಅಜ್ಜಿಯಂದಿರಿಗೂ, ಆರು ವರ್ಷದ ಮಗುವಿಗೂ ಇದು ಅರ್ಥವಾಗುತ್ತದೆ.

ಉತ್ತರ 2: ಉಡುಪಿಯವರು

ರೆಂಜೆಮರದವರು ಹೇಳಿದ ಎಣಿಕೆಯ ಮಾತು ಸರಿ. ಕುಡಿಕೆಯ ಮತದಾನದ ಬಗ್ಗೆ ಮಾತ್ರ ಒಂದು ಎಚ್ಚರಿಕೆ ಹೇಳಬೇಕು. ನಾವೂ ಹೀಗೆಯೇ ಕೇಳಿದೆವು, ಕೇಳುವಾಗ ಉತ್ಸಾಹದಲ್ಲಿ ಶೌಚಾಲಯ ಮತ್ತು ವ್ಯಾಯಾಮದ ಉಪಕರಣಗಳನ್ನೂ ಪಟ್ಟಿಗೆ ಸೇರಿಸಿದೆವು. ಜನ ಶೌಚಾಲಯವನ್ನೇ ಆರಿಸಿದರು. ಅದನ್ನು ಕಟ್ಟುವ ಅಧಿಕಾರ ನಮಗಿರಲಿಲ್ಲ, ಹಣವೂ ಇರಲಿಲ್ಲ. ‘ಹಾಗಾದರೆ ಕೇಳಿದ್ದು ಯಾಕೆ?’ ಎಂದು ಒಬ್ಬ ತಾಯಿ ಎಲ್ಲರೆದುರು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಮುಂದಿನ ವರ್ಷ ಅವರಾರೂ ಬರಲಿಲ್ಲ. ಮೂರು ತಿಂಗಳಲ್ಲಿ ನೀವೇ ಮಾಡಿ ಮುಗಿಸಬಲ್ಲ ಕೆಲಸಗಳನ್ನು ಮಾತ್ರ ಮತಕ್ಕಿಡಿ, ಉಳಿದವುಗಳಿಗೆ ‘ಇದು ನಗರಾಡಳಿತ ಮಾಡಬೇಕಾದ ಕೆಲಸ, ನಾವು ಪತ್ರ ಬರೆಯುತ್ತೇವೆ’ ಎಂದು ಬೇರೆ ಹಲಗೆ ಇಡಿ, ಬರೆದ ಪತ್ರದ ಪ್ರತಿಯನ್ನು ಆ ಹಲಗೆಗೆ ಅಂಟಿಸಿ.

ಶ್ರಮದಾನದ ವಿಚಾರ. ಮಂಗಳೂರಿನಲ್ಲಿ ರಾಮಕೃಷ್ಣ ಮಠದವರು ಸ್ವಚ್ಛ ಮಂಗಳೂರು ಅಭಿಯಾನವನ್ನು ಭಾನುವಾರಗಳಂದು ವರ್ಷಗಟ್ಟಲೆ ನಡೆಸಿದ್ದನ್ನು ನೋಡಿ ನಾವೂ ಭಾನುವಾರವೆಂದೇ ನಿಗದಿ ಮಾಡಿಕೊಂಡಿದ್ದೆವು. ಅಂಥ ಸಂಸ್ಥೆಯ ಶಿಸ್ತು ಒಂದು ಬೀದಿಯ ಸಂಘಕ್ಕೆ ಬರುವುದಿಲ್ಲ. ಭಾನುವಾರ ಕೆಲವರಿಗೆ ಇಗರ್ಜಿ ಇರುತ್ತದೆ, ಕೆಲವರಿಗೆ ಮದುವೆ ಊಟ, ಉಳಿದವರಿಗೆ ಮೀನಿನ ಮಾರ್ಕೆಟ್. ಆಮೇಲೆ ನಾವು ದಿನ ನಿಗದಿ ಮಾಡುವುದನ್ನೇ ಬಿಟ್ಟು, ಮನೆಗೊಂದು ಮರ ಅಥವಾ ಒಂದು ಪಾತಿ ಎಂದು ಹಂಚಿದೆವು; ಯಾವಾಗ ಬೇಕಾದರೂ ಬಂದು ನೋಡಿಕೊಳ್ಳಲಿ. ಇಪ್ಪತ್ತಾರು ಮನೆಯವರು ತೆಗೆದುಕೊಂಡರು, ಹದಿನಾಲ್ಕು ಮನೆಯವರು ಉಳಿಸಿಕೊಂಡರು. ನನಗೆ ಅದು ದೊಡ್ಡ ಸಂಖ್ಯೆ.

ಕೆಲಸದ ಪಟ್ಟಿಯನ್ನು ನಮ್ಮ ಮಳೆಗೆ ಹೊಂದಿಸಿ. ಪತ್ತನಾಜೆಗೆ (ಮೇ ಕೊನೆಯ ವಾರ ಬರುವ ತುಳುವರ ದಿನ) ಮೊದಲು ಗುಂಡಿ ತೋಡಿ, ಚರಂಡಿ ಬಿಡಿಸಿ. ಜೂನಿನ ಮೊದಲ ಮಳೆ ಬಿದ್ದು ಮಣ್ಣು ನೆನೆದ ಮೇಲೆ ಗಿಡ ಇಡಿ. ಆಟಿಯ ತಿಂಗಳಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಜಡಿಮಳೆಯಲ್ಲಿ, ಯಾರನ್ನೂ ಹೊರಗೆ ಕರೆಯಬೇಡಿ. ಮಾರ್ಚಿನಲ್ಲಿ ಪರೀಕ್ಷೆ, ತಾಯಂದಿರು ಸಿಗುವುದಿಲ್ಲ. ಇಂಟರ್‌ಲಾಕ್ ಬಗ್ಗೆಯೂ ಯೋಚಿಸಿ: ನೆರಳಿನಲ್ಲಿರುವ ಹಾಸಿನ ಮೇಲೆ ಜುಲೈಯಲ್ಲಿ ಪಾಚಿ ಕಟ್ಟುತ್ತದೆ, ಜಾರಿ ಬೀಳುವವರು ನಿಮ್ಮ ವಾಯುವಿಹಾರದ ಹಿರಿಯರೇ.

ಉತ್ತರ 3: ಕಡತ ಓದುವವ

ಕಾನೂನಿನ ಬದಿಯಿಂದ ಮೂರು ಮಾತು. ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂಬುದು ಸಂವಿಧಾನದ 243ಎಸ್ ವಿಧಿಯ ಮಾತು. ಮಂಗಳೂರು ಆ ವ್ಯಾಪ್ತಿಗೆ ಬರುತ್ತದೆ, ಉಡುಪಿ ನಗರಸಭೆ ಬರುವುದಿಲ್ಲ. ನಮ್ಮ ರಾಜ್ಯದ ಕಾಯಿದೆಯಂತೆ ವಾರ್ಡಿನ ಕಾರ್ಪೊರೇಟರ್ ಅಧ್ಯಕ್ಷತೆಯ ಈ ಸಮಿತಿಗೆ ಹತ್ತು ಸದಸ್ಯರು ನೇಮಕವಾಗುತ್ತಾರೆ, ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿ ಸಂಘಗಳವರು ಇರಬೇಕು. ನಿಮ್ಮ ಎಣಿಕೆಯ ಪುಸ್ತಕವನ್ನು ಅಲ್ಲಿ ಮಂಡಿಸಿ ನಡಾವಳಿಯಲ್ಲಿ ದಾಖಲಿಸಿದರೆ, ಮುಂದೆ ಸಂಘದ ಪದಾಧಿಕಾರಿಗಳು ಬದಲಾದರೂ ಅದು ಉಳಿಯುತ್ತದೆ. ಚುನಾಯಿತ ಪರಿಷತ್ತು ಇಲ್ಲದ ಅವಧಿಯಲ್ಲಿ ಆಯುಕ್ತರಿಗೆ ಬರೆದು ಸ್ವೀಕೃತಿ ಪಡೆಯಿರಿ.

ಎರಡನೆಯದು, ಉದ್ಯಾನ, ಆಟದ ಬಯಲು ಮತ್ತು ಬಯಲು ಜಾಗಗಳ ರಕ್ಷಣೆಗೆಂದೇ 1985ರ ಕರ್ನಾಟಕ ಕಾಯಿದೆ ಇದೆ, ಮರ ಕಡಿಯಬೇಕಾದರೆ 1976ರ ಕಾಯಿದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕು. ದಾನಿಯ ಹಣವೆಂದ ಮಾತ್ರಕ್ಕೆ ಇವು ಸಡಿಲವಾಗುವುದಿಲ್ಲ. ನಾಮಫಲಕದ ಅಳತೆ, ಐದು ವರ್ಷದ ನಿರ್ವಹಣೆಯ ಖರ್ಚು, ಕೆಟ್ಟರೆ ಸರಿಪಡಿಸುವವರು ಯಾರು ಎಂಬುದೆಲ್ಲ ಒಪ್ಪಂದದಲ್ಲಿ ಬರಲಿ.

ಮೂರನೆಯದು ಕಾನೂನಲ್ಲ, ಕಾರಂಜಿ. ಪಂಪು ಕೆಟ್ಟ ಕಾರಂಜಿ ಎಂದರೆ ನಿಂತ ನೀರಿನ ತೊಟ್ಟಿ. ಸೊಳ್ಳೆಯ ಮೊಟ್ಟೆ ರೆಕ್ಕೆ ಪಡೆಯಲು ಒಂದು ವಾರ, ಹತ್ತು ದಿನ ಸಾಕು. ಮಲೇರಿಯಾ, ಡೆಂಗಿಯ ಕಾಟ ಕಂಡಿರುವ ನಮ್ಮ ಊರಿನಲ್ಲಿ ಆ ತೊಟ್ಟಿಯನ್ನು ವಾರ ವಾರ ಒಣಗಿಸುವವರು ಯಾರೆಂದು ಮೊದಲು ಬರೆದಿಟ್ಟು ಆಮೇಲೆ ಒಪ್ಪಿ.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ಎಣಿಕೆ ಮುಗಿಯಿತು. ಹುಡುಗಿಯರ ವಿಚಾರದಲ್ಲಿ ರೆಂಜೆಮರದವರ ಸಂದೇಹ ನಿಜವೇ ಆಯಿತು: ಇಡೀ ವಾರದಲ್ಲಿ ಹತ್ತರಿಂದ ಹದಿನೆಂಟರೊಳಗಿನ ಹುಡುಗಿಯರು ಮೂರೇ ಮೂರು ಬಾರಿ ಕಂಡರು, ಆ ಮೂರು ಸಲವೂ ತಮ್ಮನನ್ನೋ ತಂಗಿಯನ್ನೋ ಜೋಕಾಲಿ ಆಡಿಸಲು ಬಂದವರು.

ಆದರೆ ನಮ್ಮನ್ನು ತಲೆತಗ್ಗಿಸುವಂತೆ ಮಾಡಿದ್ದು ಮಧ್ಯಾಹ್ನದ ಪುಟ. ಹತ್ತರಿಂದ ನಾಲ್ಕರವರೆಗೆ ನಾವು ಗೇಟಿಗೆ ಬೀಗ ಹಾಕುತ್ತೇವೆ, ಒಳಗೆ ಯಾರೂ ಇರುವುದಿಲ್ಲ. ಹಾಗಾಗಿ ಒಂದು ಗಂಟೆಯ ಸುತ್ತು ವ್ಯರ್ಥವೆಂದು ನಾನೇ ವಾದಿಸಿದ್ದೆ. ಎಣಿಸಲು ಹೋದ ಕಾಲೇಜು ಹುಡುಗಿ ಗೇಟಿನ ಹೊರಗಿನವರನ್ನು ಬರೆದುಕೊಂಡು ಬಂದಳು. ಕಾಂಪೌಂಡಿನ ಗಿಡ್ಡ ಗೋಡೆಯ ಮೇಲೆ, ಒಳಗಿನ ಮಳೆಮರದ ನೆರಳು ಹೊರಗೆ ಬೀಳುವಷ್ಟೇ ಉದ್ದದ ಜಾಗದಲ್ಲಿ, ಆಟೊ ಚಾಲಕರು, ಆಹಾರ ತಲುಪಿಸುವ ಹುಡುಗರು, ಪಕ್ಕದ ಕಟ್ಟಡದ ಕೆಲಸದ ಹೆಂಗಸರು ದಿನವೂ ಹನ್ನೊಂದು ಹನ್ನೆರಡು ಮಂದಿ ಬುತ್ತಿ ಬಿಚ್ಚಿ ಕುಳಿತಿರುತ್ತಾರೆ. ನೆರಳು ಸರಿದಂತೆ ಅವರೂ ಸರಿಯುತ್ತಾರೆ ಎಂದು ಅವಳ ಟಿಪ್ಪಣಿಯಲ್ಲಿದೆ. ನಮ್ಮ 180 ಜನರ ಗುಂಪಿನಲ್ಲಿ ಅವರಲ್ಲಿ ಒಬ್ಬರೂ ಇಲ್ಲ.

ಕಳೆದ ಸೋಮವಾರದಿಂದ ಮಧ್ಯಾಹ್ನವೂ ಗೇಟು ತೆರೆದಿದೆ. ಬೀಗದ ಕೈಯನ್ನು ಎದುರಿನ ಆಟೊ ನಿಲ್ದಾಣದ ಹಿರಿಯ ಚಾಲಕರ ಬಳಿ ಕೊಟ್ಟಿದ್ದೇವೆ. ಸಮಿತಿಯಲ್ಲಿ ಇಬ್ಬರು ಇದನ್ನು ವಿರೋಧಿಸಿದರು, ವಿರೋಧ ನಡಾವಳಿಯಲ್ಲಿದೆ. ಕೈ ತೊಳೆಯಲು ಒಂದು ನಳ್ಳಿ ಬೇಕೆಂದು ಬುತ್ತಿ ಉಣ್ಣಲು ಬರುವವರು ಮೊದಲ ದಿನವೇ ಕೇಳಿದರು. ಕಾರಂಜಿಯ ಬದಲು ನಳ್ಳಿ ಮತ್ತು ಎರಡು ದೀಪಕ್ಕೆ ಹಣ ಕೊಡಬಹುದೇ ಎಂದು ದಾನಿಗಳಿಗೆ ಪತ್ರ ಹೋಗಿದೆ. ಹುಡುಗರ ಚೆಂಡಾಟದ ವೇಳೆ ಇನ್ನೂ ತೀರ್ಮಾನವಾಗಿಲ್ಲ. ಈ ಸಲ ಅವರನ್ನು ಕರೆದಿದ್ದೇವೆ, ಶನಿವಾರ ಸಂಜೆ ಮಳೆಮರದ ಕೆಳಗೆ.