ಹೊಸ ಅಡ್ವೆಂಚರ್ ಬೈಕು ಓಡುವಾಗಲೇ ಆಫ್ ಆಗುತ್ತದೆ, ಸರ್ವೀಸಿನವರು ಎಲ್ಲ ಸರಿ ಉಂಟು ಅಂತಾರೆ

ಬದಿಯಡ್ಕ ಸವಾರ:

ಎಲ್ಲರಿಗೂ ನಮಸ್ಕಾರ. ಬೈಕು ತೆಗೆದುಕೊಂಡು ಇನ್ನೂ ವರ್ಷ ಆಗಿಲ್ಲ. 400 ಸಿಸಿಗಿಂತ ಮೇಲಿನ ಸಿಂಗಲ್ ಸಿಲಿಂಡರ್, ಲಿಕ್ವಿಡ್ ಕೂಲಿಂಗ್, ಫ್ಯೂಯೆಲ್ ಇಂಜೆಕ್ಷನ್. ಕಂಪನಿ ಹೆಸರು ಬೇಡ, ನನಗೆ ಪರಿಹಾರ ಸಿಕ್ಕಿದರೆ ಸಾಕು.

ಓಡುತ್ತಾ ಇರುವಾಗಲೇ ಎಂಜಿನ್ ಬಂದ್ ಆಗುತ್ತದೆ. ಮೊದಲ ಸಲ ಆದದ್ದು ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ, ಆದೂರು ದಾಟಿ ಸುಳ್ಯಕ್ಕೆ ಹೋಗುವಾಗ. ಜೋರು ಮಳೆ. ಎರಡನೇ ಗೇರಿನಲ್ಲಿ ತಿರುವು ತೆಗೆಯುತ್ತಿದ್ದೆ, ಪಕ್ಕನೆ ಆಫ್. ಹಿಂದೆ ಲಾರಿ ಇತ್ತು. ಅವನು ಬ್ರೇಕ್ ಹಿಡಿದದ್ದರಿಂದ ನಾನು ಉಳಿದೆ. ಅಲ್ಲಿಂದ ಶುರುವಾದದ್ದು ಇವತ್ತಿನವರೆಗೂ ನಿಂತಿಲ್ಲ. ಕೆಲವು ಸಲ ಮಳೆಯಲ್ಲಿ ಆಗುತ್ತದೆ. ಕೆಲವು ಸಲ ಬಿಸಿಲಲ್ಲಿ, ಉಪ್ಪಳ ಪೇಟೆಯಲ್ಲಿ ನಿಧಾನ ಹೋಗುವಾಗ ಕೆಮ್ಮಿ ಕೆಮ್ಮಿ ನಿಲ್ಲುತ್ತದೆ.

ಸರ್ವೀಸ್ ಸೆಂಟರಿನಲ್ಲಿ ಪ್ರತಿ ಸಲ ಒಂದೊಂದು ಮಾಡಿದರು. ಸಾಫ್ಟ್‌ವೇರ್ ಅಪ್‌ಡೇಟ್, ಥ್ರಾಟಲ್ ಬಾಡಿ ಕ್ಲೀನ್, ಆಮೇಲೆ ಸ್ಪಾರ್ಕ್ ಪ್ಲಗ್. ಕೊನೆಗೆ "ಸ್ಕ್ಯಾನರಿನಲ್ಲಿ ದೋಷದ ಕೋಡ್ ಇಲ್ಲ, ಪೆಟ್ರೋಲ್ ಪ್ರಾಬ್ಲಂ ಇರಬಹುದು" ಅಂತ ವಾಪಸ್ ಕೊಡುತ್ತಾರೆ. ಮನೆಯಲ್ಲಿ ಅಮ್ಮನಿಗೆ ಈ ಬೈಕು ಹೊರಗೆ ತೆಗೆದರೇ ಹೆದರಿಕೆ. ಯಾರಿಗಾದರೂ ಹೀಗೆ ಆಗಿದೆಯಾ?

ಕುಂಬಳೆ ಹೈವೇ:

ಇದು ಇ20 ಪೆಟ್ರೋಲಿನ, ಅಂದರೆ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲಿನ ಕೆಲಸವೇ ಅಣ್ಣ. ಪ್ರೀಮಿಯಂ ಪೆಟ್ರೋಲ್ ಹಾಕಿ, ಜೊತೆಗೆ ಆಕ್ಟೇನ್ ಬೂಸ್ಟರ್. ನನ್ನ ಹಳೇ ಬೈಕು ಅದರಲ್ಲೇ ಸರಿಯಾಯಿತು.

ಮುಳ್ಳೇರಿಯ ಗ್ಯಾರೇಜ್:

ಬೂಸ್ಟರಿಗೆ ದುಡ್ಡು ಹಾಕುವ ಮೊದಲು ಸ್ವಲ್ಪ ನಿಲ್ಲಿ ಮಾರಾಯ್ರೆ. 2023ರ ಏಪ್ರಿಲ್ ನಂತರದ ಬೈಕುಗಳ ಪೈಪು, ಸೀಲುಗಳು ಇ20ಕ್ಕೆ ತಡೆಯುವ ಹಾಗೆಯೇ ಇರುತ್ತವೆ. ಎಥನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ. ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯಬಹುದು. ಅಷ್ಟಕ್ಕೇ ಓಡುವ ಎಂಜಿನ್ ಪಕ್ಕನೆ ಆಫ್ ಆಗುವುದಿಲ್ಲ. ನೀರು ಸೇರಿದ ಪೆಟ್ರೋಲ್ ಆದರೆ ಬೇರೆ ಮಾತು. ಆದರೆ ಆಗ ಸಾಮಾನ್ಯವಾಗಿ ಆ ಟ್ಯಾಂಕ್ ಮುಗಿಯುವವರೆಗೂ ಕಾಟ ಕೊಡುತ್ತದೆ, ಬಂದು ಹೋಗಿ ಮಾಡುವುದು ಕಡಿಮೆ. ಸಂಶಯ ಇದ್ದರೆ ಗಾಜಿನ ಬಾಟಲಿಯಲ್ಲಿ ಸ್ವಲ್ಪ ತೆಗೆದು ಅಲುಗಾಡಿಸದೆ ಇಡಿ. ಅಡಿಯಲ್ಲಿ ಬೇರೆ ಪದರ ನಿಂತರೆ ನೀರು.

ಈಗ ಸವಾರರೇ, ನೀವೇ ಬರೆದದ್ದನ್ನು ಇನ್ನೊಮ್ಮೆ ಓದಿ. ಮಳೆಯಲ್ಲಿ "ಪಕ್ಕನೆ ಆಫ್" ಅಂತ ಬರೆದಿದ್ದೀರಿ. ಉಪ್ಪಳದಲ್ಲಿ "ಕೆಮ್ಮಿ ಕೆಮ್ಮಿ ನಿಲ್ಲುತ್ತದೆ" ಅಂತ ಬರೆದಿದ್ದೀರಿ. ಇವೆರಡು ಒಂದೇ ಕಾಯಿಲೆ ಅಂತ ನನಗೆ ಅನಿಸುವುದಿಲ್ಲ. ಸ್ವಿಚ್ ಒತ್ತಿದ ಹಾಗೆ ಒಮ್ಮೆಲೇ ಹೋದರೆ ಕರೆಂಟಿನ ಕಡೆ ನೋಡಬೇಕು: ಸ್ವಿಚ್, ವೈರು, ಸೆನ್ಸರ್, ಬ್ಯಾಟರಿ ಟರ್ಮಿನಲ್. ತಡವರಿಸಿ, ಆರ್‌ಪಿಎಂ ಇಳಿದು ಇಳಿದು ನಿಂತರೆ ಮೊದಲು ಪೆಟ್ರೋಲ್, ಗಾಳಿಯ ಕಡೆ ನೋಡಬೇಕು. ಎರಡನ್ನೂ ಜಾಬ್ ಕಾರ್ಡಿನಲ್ಲಿ (ಸರ್ವೀಸಿಗೆ ಕೊಡುವಾಗ ದೂರು ಬರೆಯುವ ಚೀಟಿ) "ಎಂಜಿನ್ ಆಫ್ ಆಗುತ್ತದೆ" ಅಂತ ಒಂದೇ ಸಾಲಲ್ಲಿ ಬರೆದರೆ ಯಾವ ಮೆಕ್ಯಾನಿಕ್‌ಗೂ ದಾರಿ ಸಿಗುವುದಿಲ್ಲ.

ಹಾಗಾಗಿ ಕೆಲವು ಪ್ರಶ್ನೆ. ಮಳೆಯಲ್ಲಿ ಆಫ್ ಆದಾಗ ಮೀಟರ್ ಉರಿಯುತ್ತಾ ಇತ್ತಾ, ಅದೂ ಕಪ್ಪಾಯಿತಾ? ಮತ್ತೆ ಸ್ಟಾರ್ಟ್ ಮಾಡಿದ್ದು ಗೇರಿನಲ್ಲಿ ಕ್ಲಚ್ ಹಿಡಿದಾ, ನ್ಯೂಟ್ರಲ್ ಮಾಡಿಯಾ? ನ್ಯೂಟ್ರಲ್‌ನಲ್ಲಿ ನಿಂತಿರುವಾಗ ಯಾವತ್ತಾದರೂ ಆಫ್ ಆದದ್ದುಂಟಾ? ಕೆಮ್ಮು ಬರುವುದು ಪೆಟ್ರೋಲ್ ಹಾಕಿದ ಎಷ್ಟು ಹೊತ್ತಿಗೆ?

ಬದಿಯಡ್ಕ ಸವಾರ:

ಮೀಟರ್ ಉರಿಯುತ್ತಲೇ ಇತ್ತು, ಹೆಡ್‌ಲೈಟೂ ಇತ್ತು. ಗೇರಿನಲ್ಲಿ ಕ್ಲಚ್ ಹಿಡಿದು ಒತ್ತಿದರೆ ಸೆಲ್ಫ್ ತಿರುಗುವುದೇ ಇಲ್ಲ. ನ್ಯೂಟ್ರಲ್ ಮಾಡಿದರೆ ಒಂದೇ ಒತ್ತಿಗೆ ಸ್ಟಾರ್ಟ್. ನ್ಯೂಟ್ರಲ್‌ನಲ್ಲಿ ಪಕ್ಕನೆ ಆಫ್ ಆದ ನೆನಪಿಲ್ಲ. ಗುಂಡಿಗೆ ಬಿದ್ದಾಗ, ನೀರು ನಿಂತ ಕಡೆ ಹಾದಾಗ ಆಗುವುದು ಜಾಸ್ತಿ.

ಕೆಮ್ಮಿನದ್ದು ನೀವು ಕೇಳಿದ ಮೇಲೆ ಹೊಳೆಯಿತು. ಮಂಗಳೂರಿನಿಂದ ಬರುವಾಗ ತಲಪಾಡಿ ಗಡಿಯ ಆಚೆ, ಕರ್ನಾಟಕದಲ್ಲೇ ಪೆಟ್ರೋಲ್ ಹಾಕಿಸುವುದು. ನಮ್ಮ ಕೇರಳದ ಕಡೆಗಿಂತ ಕಡಿಮೆಗೆ ಸಿಗುತ್ತದೆ ಅಲ್ವಾ, ಹಾಗಾಗಿ ಫುಲ್ ಟ್ಯಾಂಕ್. ಉಪ್ಪಳ, ಬಂದ್ಯೋಡು ಬರುವಷ್ಟರಲ್ಲಿ ಕೆಮ್ಮು ಶುರು. ಮರುದಿನಕ್ಕೆ ಸರಿ ಇರುತ್ತದೆ. ಪೆಟ್ರೋಲ್ ವಾಸನೆಯೂ ಬರುತ್ತದೆ.

ಮುಳ್ಳೇರಿಯ ಗ್ಯಾರೇಜ್:

ಈಗ ವಿಷಯ ಬಿಚ್ಚಿಕೊಂಡಿತು. ಒಂದೊಂದಾಗಿ ಹೇಳುತ್ತೇನೆ.

ಮಳೆಯದ್ದು ಸೈಡ್ ಸ್ಟ್ಯಾಂಡ್ ಸ್ವಿಚ್ ಅಂತ ನನ್ನ ಅಂದಾಜು. ಸ್ಟ್ಯಾಂಡ್ ಕೆಳಗೆ ಇದ್ದು ಗೇರ್ ಹಾಕಿದರೆ ಎಂಜಿನ್ ಆಫ್ ಆಗಬೇಕು, ನ್ಯೂಟ್ರಲ್‌ನಲ್ಲಿ ಓಡಬಹುದು. ಹೆಚ್ಚಿನ ಬೈಕುಗಳಲ್ಲಿ ವ್ಯವಸ್ಥೆ ಹೀಗೇ. ಸ್ವಿಚ್ಚಿಗೋ ಅದರ ಕನೆಕ್ಟರಿಗೋ ನೀರು ಹೋದರೆ, ಸ್ಟ್ಯಾಂಡ್ ಮೇಲೆಯೇ ಇದ್ದರೂ ಬೈಕಿನ ಕಂಪ್ಯೂಟರಿಗೆ ಅದು ಇಳಿದ ಹಾಗೆ ಕಾಣುತ್ತದೆ. ತನ್ನ ನಿಯಮದ ಪ್ರಕಾರ ಎಂಜಿನ್ ನಿಲ್ಲಿಸುತ್ತದೆ. ಅದರ ಲೆಕ್ಕಕ್ಕೆ ಇಲ್ಲಿ ತಪ್ಪೇ ಇಲ್ಲ. ಹಾಗಾಗಿಯೇ ಕೋಡ್ ಬೀಳುವುದಿಲ್ಲ, ಚೆಕ್ ಎಂಜಿನ್ ದೀಪವೂ ಹತ್ತುವುದಿಲ್ಲ. ಸ್ಕ್ಯಾನರಿನವರು ಸುಳ್ಳು ಹೇಳಿಲ್ಲ, ಆದರೆ ಅಲ್ಲಿಗೇ ನಿಲ್ಲಿಸಿದ್ದು ಸರಿಯಲ್ಲ.

ಕ್ಲಚ್ ಸ್ವಿಚ್ ಆಗಿರಬಹುದಾ ಅಂತ ಕೇಳಬಹುದು. ಅದು ಕೆಟ್ಟರೆ ಗೇರಿನಲ್ಲಿ ಸೆಲ್ಫ್ ಹೊಡೆಯುವುದಿಲ್ಲ, ಅಷ್ಟೇ. ಓಡುವ ಎಂಜಿನನ್ನು ಅದು ನಿಲ್ಲಿಸುವುದಿಲ್ಲ. ನಿಮಗೆ ಎರಡೂ ಆಗುತ್ತಾ ಉಂಟು.

ಪರೀಕ್ಷೆ ಮನೆಯಲ್ಲೇ ಮಾಡಬಹುದು, ಆದರೆ ಇಬ್ಬರು ಬೇಕು. ಪ್ಯಾಡಕ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ನೆಲ ಬಿಟ್ಟಿರಲಿ. ಒಬ್ಬರು ಬೈಕನ್ನು ಗಟ್ಟಿಯಾಗಿ ಹಿಡಿದುಕೊಳ್ಳಲಿ. ಸೈಡ್ ಸ್ಟ್ಯಾಂಡ್ ಮಡಚಿ, ಸ್ಟಾರ್ಟ್ ಮಾಡಿ, ಒಂದನೇ ಗೇರ್ ಹಾಕಿ ಕ್ಲಚ್ ಮೆಲ್ಲ ಬಿಡಿ. ಚಕ್ರ ಗಾಳಿಯಲ್ಲಿ ತಿರುಗುತ್ತದೆ. ಈಗ ಇನ್ನೊಬ್ಬರು ಎಡಗಡೆ ಮುಂದೆ ಕೂತು ಸ್ಟ್ಯಾಂಡಿನ ಬುಡದ ಸ್ವಿಚ್ಚಿಗೆ ಒಂದು ಚೊಂಬು ನೀರು ಹಾಕಲಿ. ಆಫ್ ಆಗದಿದ್ದರೆ ಆ ವೈರನ್ನು ಕೋಲಿನ ತುದಿಯಿಂದ ಮೆಲ್ಲ ಅಲುಗಾಡಿಸಲಿ. ಚೈನು, ಚಕ್ರದ ಹತ್ತಿರ ಕೈ, ಲುಂಗಿ, ಶಾಲು ಯಾವುದೂ ಬರಬಾರದು. ಮಕ್ಕಳನ್ನು ಒಳಗೆ ಕಳಿಸಿ. ಮೊಬೈಲಿನಲ್ಲಿ ವಿಡಿಯೋ ಮಾಡಿ, ಮೀಟರ್ ಮತ್ತು ಸ್ಟ್ಯಾಂಡ್ ಎರಡೂ ಕಾಣುವ ಹಾಗೆ.

ಇನ್ನು ಕೆಮ್ಮು. ಟ್ಯಾಂಕಿನ ಆವಿ ಹೊರಗೆ ಹೋಗದ ಹಾಗೆ ಬಿಎಸ್6 (ಈಗಿನ ಮಾಲಿನ್ಯ ನಿಯಮ) ಬೈಕಿನಲ್ಲಿ ಇದ್ದಿಲು ತುಂಬಿದ ಒಂದು ಡಬ್ಬಿ ಇರುತ್ತದೆ, ಕ್ಯಾನಿಸ್ಟರ್ ಅಂತಾರೆ. ಅದು ಹಿಡಿದಿಟ್ಟ ಆವಿಯನ್ನು ಒಂದು ವಾಲ್ವ್ ಮೂಲಕ ಎಂಜಿನ್ ಎಳೆದುಕೊಂಡು ಸುಡುತ್ತದೆ. ಕ್ಯಾನಿಸ್ಟರ್ ಇರುವುದು ಆವಿಗೆ ಮಾತ್ರ. ಟ್ಯಾಂಕನ್ನು ಬಾಯಿವರೆಗೆ ತುಂಬಿಸಿ ಬಿಸಿಲಲ್ಲಿ ಹೊರಟರೆ ಪೆಟ್ರೋಲ್ ಹಿಗ್ಗುತ್ತದೆ. ಒಳಗೆ ಜಾಗ ಇಲ್ಲದೆ ದ್ರವವೇ ಪೈಪಿನಲ್ಲಿ ಕ್ಯಾನಿಸ್ಟರಿಗೆ ಇಳಿಯುತ್ತದೆ. ಆಗ ಎಂಜಿನ್ನಿಗೆ ಲೆಕ್ಕಕ್ಕಿಂತ ಜಾಸ್ತಿ ಪೆಟ್ರೋಲ್ ಹೋಗಿ ಐಡಲ್, ಅಂದರೆ ಆಕ್ಸಿಲರೇಟರ್ ಕೊಡದಾಗಿನ ಓಟ ಒದ್ದಾಡುತ್ತದೆ. ತಲಪಾಡಿಯಿಂದ ಉಪ್ಪಳದ ದೂರ ಅದಕ್ಕೆ ಸಾಕು. ಪೆಟ್ರೋಲನ್ನು ಮುಚ್ಚಳದ ಕೆಳಗಿನ ಕುತ್ತಿಗೆಯ ತಟ್ಟೆಗಿಂತ ಕೆಳಗೆ ನಿಲ್ಲಿಸಿ, ಪಂಪಿನ ಹುಡುಗ ರೌಂಡ್ ಮಾಡುತ್ತೇನೆ ಅಂದರೂ ಬೇಡ ಅನ್ನಿ. ಕೆಮ್ಮಿ ನಿಂತಾಗ ಒಮ್ಮೆ ಟ್ಯಾಂಕ್ ಮುಚ್ಚಳ ತೆಗೆದು ನೋಡಿ. ಗಾಳಿ ಉಸ್ ಅಂತ ಒಳಗೆ ಎಳೆದುಕೊಂಡು, ಆಮೇಲೆ ಸ್ಟಾರ್ಟ್ ಆದರೆ ಗಾಳಿಯ ದಾರಿಯೇ ಕಟ್ಟಿದೆ ಅಂತ ಅರ್ಥ. ಆಗ ಪೈಪು ಮಡಚಿದೆಯಾ ನೋಡಬೇಕು.

ಕುಂಬಳೆ ಹೈವೇ:

ಸೈಡ್ ಸ್ಟ್ಯಾಂಡ್ ಸ್ವಿಚ್ ಆದರೆ ಸುಲಭ ಅಲ್ವಾ, ಎರಡು ವೈರು ಜಾಯಿಂಟ್ ಮಾಡಿ ಬೈಪಾಸ್ ಮಾಡಿದರೆ ಆಯಿತು. ನಮ್ಮ ಕಡೆ ಸುಮಾರು ಜನ ಮಾಡಿದ್ದಾರೆ.

ಮುಳ್ಳೇರಿಯ ಗ್ಯಾರೇಜ್:

ದಯವಿಟ್ಟು ಮಾಡಬೇಡಿ. ಸ್ಟ್ಯಾಂಡ್ ಮಡಚದೆ ಹೊರಟವನು ಮೊದಲ ಎಡ ತಿರುವಿನಲ್ಲಿ ವಾಲಿದಾಗ ಅದು ನೆಲಕ್ಕೆ ಕಚ್ಚಿ ಬೈಕನ್ನು ಎತ್ತಿ ಹಾಕುತ್ತದೆ. ಅಡ್ವೆಂಚರ್ ಬೈಕಿನ ಸ್ಟ್ಯಾಂಡ್ ಉದ್ದ, ಬೈಕಿನ ಭಾರವೂ ಜಾಸ್ತಿ. ಮೇಲಾಗಿ ಕೆಲವು ಬೈಕುಗಳಲ್ಲಿ ಸ್ವಿಚ್ ಒಳಗೆ ರೆಸಿಸ್ಟರ್ ಇರುತ್ತದೆ, ಸುಮ್ನೆ ವೈರು ಸೇರಿಸಿದರೆ ಸ್ಟಾರ್ಟೇ ಆಗುವುದಿಲ್ಲ. ವಾರಂಟಿ ಇರುವ ಬೈಕಿನ ವೈರು ಕತ್ತರಿಸಿದರೆ ನಾಳೆ ಕಂಪನಿಯವರು ಅದನ್ನೇ ತೋರಿಸಿ ಕೈ ಎತ್ತುತ್ತಾರೆ.

ಸವಾರರೇ, ಇನ್ನೊಂದು. ಸ್ಟ್ಯಾಂಡಿನ ಪಾದಕ್ಕೆ ಅಗಲದ ಪ್ಲೇಟ್ ಹಾಕಿಸಿದ್ದೀರಾ? ಅದರ ಭಾರಕ್ಕೆ ಸ್ಪ್ರಿಂಗ್ ಸೋತರೆ ಗುಂಡಿಯಲ್ಲಿ ಸ್ಟ್ಯಾಂಡ್ ಸ್ವಲ್ಪ ಇಳಿದು ಸ್ವಿಚ್ ಬಿಡುವುದುಂಟು.

ಬದಿಯಡ್ಕ ಸವಾರ:

ಪ್ಲೇಟ್ ಇಲ್ಲ, ಸ್ಪ್ರಿಂಗ್ ಬಿಗಿ ಉಂಟು. ಭಾನುವಾರ ತಮ್ಮನನ್ನು ಕೂರಿಸಿಕೊಂಡು ಪರೀಕ್ಷೆ ಮಾಡುತ್ತೇನೆ.

ಮೀಂಜದ ಅಕ್ಕ:

ವಿಡಿಯೋ ಸಿಕ್ಕಿದರೆ ಜೋಪಾನ ಮಾಡಿ ಇಡಿ ತಮ್ಮಾ. ಕಾಗದದ ಕಡೆಯ ವಿಷಯ ನಾನು ಹೇಳುತ್ತೇನೆ.

ಸರ್ವೀಸಿಗೆ ಕೊಡುವಾಗ ನೀವು ಹೇಳಿದ್ದು ಜಾಬ್ ಕಾರ್ಡಿನಲ್ಲಿ ಪೂರ್ತಿ ಇರಬೇಕು. ಕಾಸರಗೋಡಿನಲ್ಲಿ ಮಲಯಾಳಂ ಮಾತಾಡಿ, ಮಂಗಳೂರಿನಲ್ಲಿ ಕನ್ನಡ, ತುಳು ಮಾತಾಡಿ, ಕಾರ್ಡಿಗೆ ಬರುವುದು ಇಂಗ್ಲಿಷಿನ ಎರಡೇ ಪದ. ಅದಕ್ಕೆ ಸಹಿ ಹಾಕಬೇಡಿ. "ಮಳೆಯಲ್ಲಿ, ಗೇರಿನಲ್ಲಿ ಇರುವಾಗ ಮಾತ್ರ ಆಫ್ ಆಗುತ್ತದೆ, ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಆಗುತ್ತದೆ" ಅಂತ ಅವರ ಕೈಯಲ್ಲೇ ಬರೆಸಿ. ಎರಡನೇ ದೂರಿಗೆ ಬೇರೆ ಸಾಲು. ಪ್ರತಿಯೊಂದು ಕಾರ್ಡಿನ ಫೋಟೋ ಇರಲಿ.

ಅಷ್ಟಾದ ಮೇಲೂ ಸರಿ ಮಾಡದಿದ್ದರೆ ಮೊದಲು ಕಂಪನಿಗೆ ಇಮೇಲ್, ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಜಗ್ಗದಿದ್ದರೆ ಗ್ರಾಹಕ ಆಯೋಗ. ಗಡಿಯಲ್ಲಿರುವ ನಮಗೆ ಇದು ಮುಖ್ಯ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬೈಕು ಮಂಗಳೂರಿನಲ್ಲಿ ತೆಗೆದುಕೊಂಡರೂ ಕಾಸರಗೋಡಿನ ಜಿಲ್ಲಾ ಆಯೋಗಕ್ಕೆ ಹೋದರೆ ಆಯಿತು. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ದೂರಿಗೆ ಕಾರಣ ಆದ ದಿನದಿಂದ 2 ವರ್ಷದ ಒಳಗೆ ಕೊಡಬೇಕು, ಅದನ್ನು ಮರೆಯಬೇಡಿ.

ಬದಿಯಡ್ಕ ಸವಾರ:

ಪರೀಕ್ಷೆ ಆಯಿತು. ನೀರು ಹಾಕಿದಾಗ ಏನೂ ಆಗಲಿಲ್ಲ. ತಮ್ಮ ಕೋಲಿನಿಂದ ವೈರು ಮುಟ್ಟಿದ್ದೇ ತಡ, ಎಂಜಿನ್ ಆಫ್, ಮೀಟರಿನಲ್ಲಿ ಸ್ಟ್ಯಾಂಡಿನ ಚಿಹ್ನೆ ಬಂತು. ಸ್ಟ್ಯಾಂಡ್ ಮಡಚಿಯೇ ಇತ್ತು! ವಿಡಿಯೋದಲ್ಲಿ ಎರಡೂ ಸ್ಪಷ್ಟ ಕಾಣುತ್ತದೆ.

ವಿಡಿಯೋ ತೋರಿಸಿದ ಮೇಲೆ ಸರ್ವೀಸ್ ಸೆಂಟರಿನಲ್ಲಿ ಮಾತೇ ಬದಲಾಯಿತು. ನನ್ನ ಎದುರೇ ಬಿಚ್ಚಿದರು. ಸ್ವಿಚ್ಚಿನ ವೈರು ಮೇಲೆ ಹೋಗಿ ಸೇರುವ ಕನೆಕ್ಟರಿನಲ್ಲಿ ರಬ್ಬರ್ ಸೀಲ್ ಮಡಚಿ ಒಂದು ಬದಿಗೆ ಸರಿದಿತ್ತು. ಒಳಗೆ ನಮ್ಮ ಊರಿನ ಕೆಂಪು ಮಣ್ಣಿನ ರಾಡಿ. ಒಂದು ಪಿನ್ನಿಗೆ ಹಸಿರು ಕಿಲುಬು ಹಿಡಿದು ಅರ್ಧ ತಿಂದಿತ್ತು. ಸ್ವಿಚ್ ಮತ್ತು ಕನೆಕ್ಟರ್ ಎರಡನ್ನೂ ವಾರಂಟಿಯಲ್ಲಿ ಹೊಸದು ಹಾಕಿದರು. ಕ್ಯಾನಿಸ್ಟರ್ ಬಿಚ್ಚಿದರೆ ಕೈಗೆ ಭಾರ ಗೊತ್ತಾಗುತ್ತಿತ್ತು, ಓರೆ ಮಾಡಿದಾಗ ಪೆಟ್ರೋಲ್ ತೊಟ್ಟಿಕ್ಕಿತು. ಅದನ್ನೂ ಬದಲಾಯಿಸಿದರು. ಅಕ್ಕ ಹೇಳಿದ ಹಾಗೆ ಎರಡು ದೂರು ಎರಡು ಸಾಲಾಗಿ ಬರೆಸಿದ್ದೆ, ಅದರಿಂದ ತುಂಬಾ ಉಪಕಾರ ಆಯಿತು.

ಆಮೇಲೆ ಆಟಿ ತಿಂಗಳ ಜಡಿಮಳೆಯಲ್ಲೇ ಸುಳ್ಯಕ್ಕೆ ಹೋಗಿ ಬಂದೆ, ಪೊಸಡಿ ಗುಂಪೆ ಗುಡ್ಡ ಹತ್ತಿಸಿದೆ. ಒಮ್ಮೆಯೂ ನಿಲ್ಲಲಿಲ್ಲ. ತಲಪಾಡಿಯಲ್ಲಿ ಈಗಲೂ ಹಾಕಿಸುತ್ತೇನೆ, ಕುತ್ತಿಗೆಗಿಂತ ಕೆಳಗೆ. ಕೆಮ್ಮೂ ಇಲ್ಲ. ನಿಮಗೆಲ್ಲ ಮನಸಾರೆ ಧನ್ಯವಾದ.

ಮುಳ್ಳೇರಿಯ ಗ್ಯಾರೇಜ್:

ಕೇಳಿ ಸಂತೋಷ ಆಯಿತು. ಮಳೆಗಾಲದಲ್ಲಿ ವಾಟರ್ ವಾಶ್ ಮಾಡಿಸುವಾಗ ಪ್ರೆಶರ್ ಗನ್ನನ್ನು ಸ್ಟ್ಯಾಂಡಿನ ಬುಡಕ್ಕೆ ನೇರ ಹಿಡಿಯಲು ಬಿಡಬೇಡಿ. ಕನೆಕ್ಟರ್ ಬಿಚ್ಚಿದಾಗಲೆಲ್ಲ ಪಿನ್ನಿಗೆ ನೀರು ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ಸ್ವಲ್ಪ ಹಾಕಲು ಹೇಳಿ.

ಪೆರ್ಲ 350:

ನನ್ನ ಬೈಕೂ ಪಕ್ಕನೆ ಆಫ್ ಆಗುತ್ತದೆ, ಆದರೆ ನ್ಯೂಟ್ರಲ್‌ನಲ್ಲೂ ಆಗುತ್ತದೆ. ಮೀಟರೂ ಒಂದು ಕ್ಷಣ ಹೋಗಿ ಬರುತ್ತದೆ. ನಾನೂ ಸ್ಟ್ಯಾಂಡ್ ಸ್ವಿಚ್ ಬದಲಾಯಿಸಲಾ?

ಮುಳ್ಳೇರಿಯ ಗ್ಯಾರೇಜ್:

ಬೇಡ. ಮೀಟರ್ ಕೂಡ ಹೋಗುತ್ತದೆ ಅಂದರೆ ಇಡೀ ಬೈಕಿಗೇ ಆ ಕ್ಷಣ ಕರೆಂಟ್ ತಪ್ಪುತ್ತದೆ. ಮೊದಲು ಬ್ಯಾಟರಿ ಟರ್ಮಿನಲ್ ಬೋಲ್ಟುಗಳು ಬಿಗಿ ಉಂಟಾ ನೋಡಿ. ಆಮೇಲೆ ಮೈನ್ ಫ್ಯೂಸ್ ಕೂತ ಜಾಗ, ಚಾಸಿಗೆ ಹೋಗುವ ಅರ್ಥ್ ವೈರು. ಅದೂ ಸರಿ ಇದ್ದರೆ ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಿ. ಆಗ ಆಫ್ ಆದರೆ ಕೀ ಸ್ವಿಚ್ಚಿನಿಂದ ಬರುವ ವೈರು ಹ್ಯಾಂಡಲ್ ಬುಡದಲ್ಲಿ ಉಜ್ಜಿದೆಯಾ ನೋಡಬೇಕು. ಇವಿಷ್ಟು ನೋಡಿ ಇಲ್ಲೇ ಬರೆಯಿರಿ. ಅಲ್ಲಿಯವರೆಗೆ ಯಾವ ಪಾರ್ಟೂ ತೆಗೆದುಕೊಳ್ಳಬೇಡಿ.